ಹುಲಿ ಯಾಕೆ ಸಾಯಬೇಕು?

ಪ್ರಾಣಿಗಳ ಕಥೆ ಎಂದರೆ ಸಣ್ಣ ಮಕ್ಕಳಿಗೆ. ಸಣ್ಣ ಮಕ್ಕಳಿಗೆ ಎಂದರೆ ನೀತಿಗೆ. ಈ ಎರಡು ಮಾತುಗಳನ್ನು ನಾವು ಎಷ್ಟು ಕಾಲದಿಂದ ಗಿಳಿಪಾಠ ಒಪ್ಪಿಸಿಕೊಂಡು ಬಂದಿದ್ದೇವೆ ಎಂದರೆ, ಇದು ಸರಿಯೆ ಎಂದು ಕೇಳುವವರೇ ಇಲ್ಲದಂತಾಗಿದೆ. ಈಚೆಗೆ ನಮ್ಮ ಮಂಗಳೂರಿನ ಒಂದು ಮಹಿಳಾ ಕೂಟದಲ್ಲಿ ಮಕ್ಕಳು ಏನು ಓದಬೇಕು, ಏನು ನೋಡಬೇಕು ಎಂಬ ಬಗ್ಗೆ ಮಾತುಕತೆ ನಡೆಯಿತು. ಭಾಷಣಕ್ಕೆ ಬಂದವರು, "ಜಪಾನಿನ ಆ ಕಾರ್ಟೂನುಗಳನ್ನು ಮೊದಲು ಮನೆಯಿಂದ ಹೊರಗೆ ಹಾಕಿ. ಅಂಗಿ ಪ್ಯಾಂಟು ಹಾಕಿದ ತೋಳ ಮೊಲದ ಹಿಂದೆ ಅಲೆಯುವುದನ್ನು ನೋಡಿ ನಮ್ಮ ಹೆಣ್ಣುಮಕ್ಕಳು ಕಲಿಯುವುದು ಏನನ್ನು? ನಮಗೆ ಪುಣ್ಯಕೋಟಿ ಇಲ್ಲವೆ?" ಎಂದರು. ಜೋರಾಗಿ ಚಪ್ಪಾಳೆ ಬಿತ್ತು. ಆ ಚಪ್ಪಾಳೆಗೆ ಉತ್ತರವಾಗಿ ಇದನ್ನು ಬರೆಯುತ್ತಿದ್ದೇನೆ. ತೋಳವನ್ನು ಹೊರಗೆ ಹಾಕಬಾರದು ಎಂಬುದು ನನ್ನ ವಾದ. ಪುಣ್ಯಕೋಟಿಯನ್ನು ನಾವು ಹೇಳುತ್ತಿರುವ ರೀತಿ ಸರಿಯಿಲ್ಲ ಎಂಬುದು ಅದಕ್ಕಿಂತ ದೊಡ್ಡ ವಾದ.

ಮೊದಲು ಆ ತೋಳದ ಸಮಾಚಾರ ಹೇಳಿಬಿಡುತ್ತೇನೆ. ಸರಣಿಯ ಹೆಸರು 'ಬೀಸ್ಟಾರ್ಸ್'. ಇದನ್ನು ಬರೆದು ಚಿತ್ರಿಸಿದವರು ಪಾರು ಇಟಗಾಕಿ ಎಂಬ ಹೆಣ್ಣುಮಗಳು. 2016ರಿಂದ 2020ರವರೆಗೆ ಜಪಾನಿನ ಒಂದು ವಾರಪತ್ರಿಕೆಯಲ್ಲಿ ಇದು ಚಿತ್ರಕಥೆಯಾಗಿ ಬಂತು. ಆಕೆ ಜನರೆದುರು ಬರುವಾಗ ಕೋಳಿಯ ಮುಖವಾಡ ಹಾಕಿಕೊಂಡು ಬರುತ್ತಾರೆ. ನಮ್ಮ ಕಡೆಯವರಿಗೆ ಇದು ವಿಚಿತ್ರ ಅನಿಸಬೇಕಾಗಿಲ್ಲ. ವೇಷ ಹಾಕಿದ ಮೇಲೆ ಹೆಸರಿಗೆ ಬೆಲೆಯಿಲ್ಲ, ವೇಷಕ್ಕೇ ಬೆಲೆ ಎಂಬುದು ಕರಾವಳಿಯವರಾದ ನಮಗೆ ಯಾರೂ ಕಲಿಸಿಕೊಡಬೇಕಾದ ಪಾಠವಲ್ಲ. 2019ರಲ್ಲಿ ಆರೆಂಜ್ ಎಂಬ ಸ್ಟುಡಿಯೊ ಇದನ್ನು ಕಂಪ್ಯೂಟರಿನ ಚಿತ್ರಗಳಲ್ಲಿ ಟಿವಿ ಸರಣಿ ಮಾಡಿತು. 2021ರಲ್ಲಿ ಎರಡನೆಯ ಭಾಗ ಬಂತು. ಅದು ಹಾಲುಗಲ್ಲದ ಮಕ್ಕಳಿಗೆ ಅಲ್ಲವೇ ಅಲ್ಲ. ರಕ್ತ ಇದೆ, ದೇಹದ ಮಾತಿದೆ. ಹೈಸ್ಕೂಲು ದಾಟಿದವರಿಗೆ, ಅದಕ್ಕಿಂತ ಹೆಚ್ಚಾಗಿ ಅವರ ತಾಯಂದಿರಿಗೆ ಎಂದು ನಾನು ಹೇಳುತ್ತೇನೆ.

ಕಥೆ ನಡೆಯುವುದು ಚೆರ್ರಿಟನ್ ಎಂಬ ವಸತಿಶಾಲೆಯಲ್ಲಿ. ಅಲ್ಲಿ ಮಾಂಸ ತಿನ್ನುವ ಪ್ರಾಣಿಗಳೂ ಹುಲ್ಲು ತಿನ್ನುವ ಪ್ರಾಣಿಗಳೂ ಒಂದೇ ಬೆಂಚಿನಲ್ಲಿ ಕೂತು ಓದುತ್ತವೆ. ಮಾಂಸ ತಿನ್ನುವುದು ಕಾನೂನಿಗೆ ವಿರೋಧ. ಆದರೆ ಊರಿನೊಳಗೆ ಒಂದು ಕಳ್ಳಸಂತೆ ಇದೆ. ಅಲ್ಲಿ ಮಾಂಸ ಸಿಗುತ್ತದೆ. ಅದು ಇದೆ ಎಂದು ದೊಡ್ಡವರಿಗೆಲ್ಲ ಗೊತ್ತು. ಗೊತ್ತಿದೆ ಎಂದು ಯಾರೂ ಹೇಳುವುದಿಲ್ಲ. ಕಥೆ ಶುರುವಾಗುವುದೇ ಒಂದು ಕೊಲೆಯಿಂದ. ಟೆಮ್ ಎಂಬ ಅಲ್ಪಾಕಾ ಹುಡುಗನನ್ನು, ಎಂದರೆ ಉಣ್ಣೆ ಕೊಡುವ ಒಂದು ಸಾಧುಪ್ರಾಣಿಯನ್ನು, ರಾತ್ರಿ ಶಾಲೆಯೊಳಗೇ ಯಾರೋ ಕೊಂದು ತಿಂದಿದ್ದಾರೆ. ಮರುದಿನದಿಂದ ಎಲ್ಲರ ಕಣ್ಣು ತೋಳ ಲೆಗೋಶಿಯ ಮೇಲೆ. ಅವನೋ ನಾಟಕ ತಂಡದಲ್ಲಿ ತೆರೆಯ ಹಿಂದೆ ದೀಪ ಹಿಡಿಯುವ ಮೌನಿ. ತನ್ನ ಎತ್ತರ ಯಾರಿಗೂ ಹೆದರಿಕೆ ಹುಟ್ಟಿಸಬಾರದೆಂದು ಬೆನ್ನು ಬಗ್ಗಿಸಿಕೊಂಡೇ ನಡೆಯುವವನು. ಅಂಥವನು ಒಂದು ರಾತ್ರಿ ಕತ್ತಲಲ್ಲಿ ಹಾರು ಎಂಬ ಪುಟ್ಟ ಬಿಳಿ ಮೊಲದ ಮೇಲೆರಗುತ್ತಾನೆ. ಕೊಲ್ಲುವುದಿಲ್ಲ, ನಿಲ್ಲುತ್ತಾನೆ. ಅಲ್ಲಿಂದ ಮುಂದೆ ಅವನ ಮನಸ್ಸಿನಲ್ಲಿರುವುದು ಒಂದೇ ಪ್ರಶ್ನೆ: ಇದು ಹಸಿವೋ, ಪ್ರೀತಿಯೋ? ಅದನ್ನು ಬೇರೆ ಬೇರೆ ಮಾಡಿ ತಿಳಿಯುವ ತನಕ ತನಗೆ ಅವಳ ಹತ್ತಿರ ಹೋಗುವ ಹಕ್ಕಿದೆಯೋ?

ಇದನ್ನು ನನಗೆ ತೋರಿಸಿದವಳು ನನ್ನ ತಂಗಿಯ ಮಗಳು. ಪದವಿ ಓದುತ್ತಿದ್ದಾಳೆ. ನಾಲ್ಕು ಕಂತು ನೋಡಿದ ಮೇಲೆ ನಾನು ಎಲ್ಲರಂತೆ, "ಇದೆಲ್ಲ ಯಾಕೆ ಮಾರಾಯ್ತಿ? ನಮ್ಮ ಗೋವಿನ ಹಾಡಿನಲ್ಲೂ ಹುಲಿ, ಹಸು ಇಲ್ಲವಾ?" ಎಂದೆ. ಅವಳು ಹೇಳಿದಳು: "ಉಂಟು ದೊಡ್ಡಮ್ಮ. ಆದರೆ ಅದರಲ್ಲಿ ಹುಲಿ ಸಾಯ್ತದೆ. ಹುಲಿ ಯಾಕೆ ಸಾಯಬೇಕು? ಬದುಕಿಕೊಂಡೇ ಒಳ್ಳೆಯದಾಗಲಿಕ್ಕೆ ಆಗುವುದಿಲ್ಲವಾ ಅದಕ್ಕೆ?" ನಾನು ಅನೇಕ ವರ್ಷ ಮಕ್ಕಳಿಗೆ ಕನ್ನಡ ಪಾಠ ಮಾಡಿದವಳು. ಈ ಪ್ರಶ್ನೆಯನ್ನು ತರಗತಿಯಲ್ಲಿ ಒಬ್ಬ ಮಗುವೂ ಕೇಳಿದ್ದಿಲ್ಲ. ಕೇಳುವಂತೆ ಪಾಠವಿರಲಿಲ್ಲ ಎನ್ನುವುದು ಸರಿಯಾದ ಮಾತು.

ಮೊದಲನೆಯ ಗಿಳಿಪಾಠವನ್ನು ನೋಡೋಣ. ಪ್ರಾಣಿಗಳ ಕಥೆ ಸಣ್ಣ ಮಕ್ಕಳಿಗೆ ಎಂದು ಯಾರು ಹೇಳಿದ್ದು? ಸುಮಾರು ಸಾವಿರ ವರ್ಷಗಳ ಹಿಂದೆ ಚಾಲುಕ್ಯ ಜಯಸಿಂಹನ ಕಾಲದ ದುರ್ಗಸಿಂಹ ಕನ್ನಡದಲ್ಲಿ ಪಂಚತಂತ್ರ ಬರೆದನಲ್ಲ, ಅಂಗನವಾಡಿಯ ಮಕ್ಕಳನ್ನು ಮಲಗಿಸಲಿಕ್ಕಲ್ಲ. ಅದು ರಾಜಪುತ್ರರಿಗೆ ರಾಜ್ಯ ನಡೆಸುವುದನ್ನು ಕಲಿಸುವ ಪುಸ್ತಕ. ಅಲ್ಲಿಯ ನೀತಿ ಎಂದರೆ ರಾಜನೀತಿ. 'ಸುಳ್ಳು ಹೇಳಬಾರದು' ಎಂಬ ನೀತಿಯಲ್ಲ. ಅದರ ಮೊದಲ ಕಥೆಯೇ ಪಿಂಗಳಕನೆಂಬ ಸಿಂಹಕ್ಕೂ ಸಂಜೀವಕನೆಂಬ ಎತ್ತಿಗೂ ಆದ ಸ್ನೇಹದ್ದು. ಮಾಂಸ ತಿನ್ನುವವನಿಗೂ ಹುಲ್ಲು ತಿನ್ನುವವನಿಗೂ ಗೆಳೆತನ! ಅದನ್ನು ಒಂದು ನರಿ ಚಾಡಿ ಹೇಳಿ ಮುರಿಯುತ್ತದೆ. ಸಿಂಹ ತನ್ನ ಗೆಳೆಯನನ್ನು ತಾನೇ ಕೊಲ್ಲುತ್ತದೆ. ಇದನ್ನು ಓದಿದವರಿಗೆ 'ಬೀಸ್ಟಾರ್ಸ್' ಹೊಸತೆನಿಸುವುದಿಲ್ಲ, ಬಹಳ ದಿನಗಳ ಮೇಲೆ ಕಂಡ ನೆಂಟರಂತೆ ಕಾಣುತ್ತದೆ.

ಇನ್ನು ನಮ್ಮ ಊರನ್ನೇ ನೋಡಿ. ನವರಾತ್ರಿ ಬಂತೆಂದರೆ ಮಂಗಳೂರಿನ ಬೀದಿಯಲ್ಲಿ ಹುಲಿಗಳು. ಮೈಗೆಲ್ಲ ಹಳದಿ ಕಪ್ಪು ಬಣ್ಣ ಬಳಿಸಿಕೊಳ್ಳಲು ಗಂಟೆಗಟ್ಟಲೆ ನಿಂತು, ಬಣ್ಣ ಒಣಗುವ ತನಕ ಕೂರಲಾಗದೆ, ಮತ್ತೆ ಇಡೀ ದಿನ ತಾಸೆಯ ಪೆಟ್ಟಿಗೆ ಕುಣಿಯುವವರು. ಅಕ್ಕಿಮುಡಿಯನ್ನು ಹಲ್ಲಿನಲ್ಲಿ ಕಚ್ಚಿ ಎತ್ತಿ ಹಿಂದಕ್ಕೆ ಎಸೆಯುವವರು. ಇದು ಮಕ್ಕಳಾಟವೆ? ಪಿಲಿಚಾಮುಂಡಿ, ಪಂಜುರ್ಲಿ ಎಂದು ಹುಲಿಗೂ ಹಂದಿಗೂ ದೈವದ ಸ್ಥಾನ ಕೊಟ್ಟು, ಅದರೆದುರು ಜಾಗದ ತಕರಾರು, ಅಣ್ಣತಮ್ಮಂದಿರ ಜಗಳ ಇಟ್ಟು ಕೈಮುಗಿದು ನಿಲ್ಲುವವರು ನಾವು. ಪ್ರಾಣಿಯ ಮುಖದಲ್ಲಿ ಮನುಷ್ಯರ ನ್ಯಾಯವನ್ನು ಹುಡುಕುವುದು ತುಳುನಾಡಿನಲ್ಲಿ ದೊಡ್ಡವರ ಕೆಲಸ. ಜಪಾನಿನವರೂ ಹಾಗೆಯೇ. ಅವರ ಕ್ಯೋಟೊದ ಕೋಜಾನ್-ಜಿ ದೇವಸ್ಥಾನಕ್ಕೆ ಸೇರಿದ, ಎಂಟುನೂರು ವರ್ಷಕ್ಕೂ ಹಳೆಯ ಚಿತ್ರಸುರುಳಿಯಲ್ಲಿ ಕಪ್ಪೆ ಮೊಲಗಳು ಮನುಷ್ಯರಂತೆ ಕುಸ್ತಿ ಆಡುತ್ತವೆ, ಪೂಜೆ ಮಾಡುತ್ತವೆ. ಅವರು ಆ ದಾರಿಯನ್ನು ಬಿಡದೆ ನಡೆದುಕೊಂಡು ಬಂದರು. ನಾವು ನಡುದಾರಿಯಲ್ಲಿ ಪ್ರಾಣಿಗಳನ್ನೆಲ್ಲ ಎಲ್‌ಕೆಜಿಗೆ ಸೇರಿಸಿ ಬಂದೆವು.

ಎರಡನೆಯ ಗಿಳಿಪಾಠ, ನೀತಿ. ಪಂಜೆ ಮಂಗೇಶರಾಯರು ನಮ್ಮವರು. 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿ, ಮಂಗಳೂರಿನಲ್ಲಿ ಮೇಷ್ಟರಾಗಿ, ಮಕ್ಕಳಿಗಾಗಿ ಬರೆಯುವುದು ಸಣ್ಣ ಕೆಲಸವಲ್ಲ ಎಂದು ತೋರಿಸಿಕೊಟ್ಟವರು. ಅವರ 'ಸಿಗಡಿ ಯಾಕೆ ಒಣಗಲಿಲ್ಲ?' ಕಥೆಯನ್ನು ನೆನಪಿಸಿಕೊಳ್ಳಿ. ಒಂದು ಪ್ರಶ್ನೆಯ ಬಾಲ ಹಿಡಿದು ಇನ್ನೊಂದು ಪ್ರಶ್ನೆ ಬರುತ್ತದೆ. ಪ್ರತಿಯೊಬ್ಬರ ಬಳಿಯೂ ತಮ್ಮ ತಮ್ಮ ಕಾರಣ ಇದೆ. ಕೊನೆಗೆ ನೀತಿ ಏನು? ಏನೂ ಇಲ್ಲ! ಮೀನು ಒಣಗಿಸುವ ಊರಿನ ಮಗುವಿಗೆ, ಜಗತ್ತಿನಲ್ಲಿ ಒಂದಕ್ಕೆ ಇನ್ನೊಂದು ಕೊಂಡಿ ಇದೆ ಎಂಬ ಬೆರಗು ಇದೆ, ಅಷ್ಟೆ. ನೂರು ವರ್ಷದ ಹಿಂದಿನ ಮೇಷ್ಟರಿಗೆ ಇದ್ದ ಧೈರ್ಯ ಇಂದಿನ ನಮಗಿಲ್ಲ. ಕಥೆ ಮುಗಿದ ಕೂಡಲೇ ನಾವು ಮಗುವಿನ ಗಲ್ಲ ಹಿಡಿದು, "ಇದರಿಂದ ಏನು ಕಲಿತೆ?" ಎಂದು ಕೇಳುತ್ತೇವೆ. ಕಷಾಯ ಕುಡಿಸಿ ಬಾಯಿ ತೆರೆಸಿ ನೋಡಿದ ಹಾಗೆ.

ಈಗ ಪುಣ್ಯಕೋಟಿಗೆ ಬರುತ್ತೇನೆ. ಯಾರೂ ಸಿಟ್ಟಾಗಬೇಡಿ. ಆ ಹಾಡನ್ನು ನಾನು ನಿಮ್ಮಷ್ಟೇ ಪ್ರೀತಿಸುತ್ತೇನೆ. ಅದನ್ನು ಕೇಳಿ ಗಂಟಲು ಕಟ್ಟದ ಕನ್ನಡದ ಹೆಂಗಸು ಇರಲಾರಳು. ನನ್ನ ತಕರಾರು ಹಾಡಿನ ಮೇಲಲ್ಲ, ಅದನ್ನು ನಾವು ನೀತಿಯ ಗುಳಿಗೆ ಮಾಡಿದ್ದರ ಮೇಲೆ. ಗುಳಿಗೆಯಲ್ಲಿ ಏನಿದೆ ನೋಡಿ. ಹೆಣ್ಣುಮಗುವಿಗೆ: ನಿನ್ನನ್ನು ತಿನ್ನಲು ನಿಂತವನಿಗೆ ಕೊಟ್ಟ ಮಾತನ್ನೂ ಉಳಿಸಿಕೋ, ಹಾಲು ಕುಡಿಯುವ ಕರುವನ್ನು ಬಿಟ್ಟಾದರೂ ವಾಪಸು ಹೋಗು. ಉಗುರಿನ ಕೆಳಗೆ ಸಿಕ್ಕಿಕೊಂಡು ಕೊಟ್ಟ ಮಾತು ಮಾತೇ ಎಂದು ಕೇಳುವ ಹಕ್ಕು ಅವಳಿಗಿಲ್ಲ. ಗಂಡುಮಗುವಿಗೆ: ನೀನು ಹುಲಿ, ಒಂದೋ ತಿನ್ನು, ಇಲ್ಲವೇ ಅವಳ ಒಳ್ಳೆಯತನ ಕಂಡು ನಾಚಿ ಸಾಯಿ. ನಡುವೆ ಮೂರನೆಯ ದಾರಿ ಇಲ್ಲ. ಹೀಗೆ ಗಂಡಸಿನ ನಡತೆಯನ್ನು ತಿದ್ದುವ ಭಾರವೆಲ್ಲ ಹೆಣ್ಣಿನ ಸತ್ಯದ ಮೇಲೆ, ಹೆಣ್ಣಿನ ತ್ಯಾಗದ ಮೇಲೆ. ಇದನ್ನು ಓದುತ್ತಿರುವ ನೀವೇ ಹೇಳಿ, ಎಷ್ಟು ಮನೆಗಳಲ್ಲಿ ಎಷ್ಟು ಪುಣ್ಯಕೋಟಿಯರು ದಿನವೂ ವಾಪಸು ಹೋಗುತ್ತಿದ್ದಾರೆ? ಅವರನ್ನು ನೋಡಿ ಯಾವ ಅರ್ಬುತ ಬೆಟ್ಟದಿಂದ ಹಾರಿದ್ದಾನೆ?

ಆ ಹಾಡಿನಲ್ಲಿ ಇನ್ನೊಂದು ಭಾಗ ಇದೆ. ಪುಣ್ಯಕೋಟಿ ತನ್ನ ಕರುವನ್ನು ಜತೆಯ ಹಸುಗಳಿಗೆ ಒಪ್ಪಿಸುತ್ತಾಳೆ. ಅವು ತಮ್ಮ ಮಗುವಿನಂತೆ ನೋಡಿಕೊಳ್ಳುವ ಭರವಸೆ ಕೊಡುತ್ತವೆ. ನೆರೆಮನೆಯ ಹೆಂಗಸಿನ ಕೈಯಲ್ಲಿ ಮಗುವನ್ನು ಕೊಟ್ಟು ಆಸ್ಪತ್ರೆಗೋ ಕೆಲಸಕ್ಕೋ ಓಡಿದ ನಮಗೆಲ್ಲ ಅದರ ಬೆಲೆ ಗೊತ್ತು. ಆದರೆ ಪರೀಕ್ಷೆಯ ಪ್ರಶ್ನೆ ಬರುವುದು ಅದರ ಮೇಲಲ್ಲ, 'ಸತ್ಯದ ಮಹಿಮೆ'ಯ ಮೇಲೆ.

ಹುಲಿ ಸತ್ತರೆ ಕಥೆ ಹೇಳುವವರಿಗೆ ಒಂದು ದೊಡ್ಡ ಅನುಕೂಲ ಇದೆ. ನಾಳೆ ಬೆಳಗ್ಗೆ ಏನು ಎಂದು ಯೋಚಿಸಬೇಕಾಗಿಲ್ಲ. ಹುಲಿ ಬದುಕಿದ್ದರೆ ಅದಕ್ಕೆ ನಾಳೆಯೂ ಹಸಿವಾಗುತ್ತದೆ. ಹುಲಿ ಹಸಿದರೆ ಹುಲ್ಲು ತಿನ್ನುವುದೆ? ಹಸುವೂ ಅದೇ ಕಾಡಿನಲ್ಲಿ ಮೇಯಬೇಕು. ಆ ನಾಳೆಯನ್ನು ಜಪಾನಿನ ಕಥೆಗಾರರು ಮತ್ತೆ ಮತ್ತೆ ಎತ್ತಿಕೊಂಡಿದ್ದಾರೆ. ಯುಯಿಚಿ ಕಿಮುರಾ 1994ರಲ್ಲಿ ಮಕ್ಕಳಿಗೆ ಬರೆದ ಒಂದು ಚಿತ್ರಪುಸ್ತಕವಿದೆ. ಬಿರುಗಾಳಿಯ ರಾತ್ರಿ ಒಂದು ಕತ್ತಲ ಗುಡಿಸಲಿನಲ್ಲಿ ಆಡೂ ತೋಳವೂ ಮುಖ ಕಾಣದೆ ಮಾತಾಡಿ ಗೆಳೆಯರಾಗುತ್ತವೆ. ಮರುದಿನ ಬೆಳಕಿನಲ್ಲಿ ಭೇಟಿಯಾದಾಗ ಒಬ್ಬರನ್ನೊಬ್ಬರು ನೋಡುತ್ತವೆ. ಈಗ ಏನು ಮಾಡುವುದು? ಅಲ್ಲಿಂದ ಕಥೆ ಬೆಳೆದು ಹಲವು ಪುಸ್ತಕಗಳಾಗಿ, 2005ರಲ್ಲಿ ಚಲನಚಿತ್ರವೂ ಆಯಿತು. ಅದರಲ್ಲಿ ತೋಳ ತನ್ನ ಗೆಳೆಯನ ಜತೆ ನಡೆಯುವಾಗ ಬಾಯಿಯಲ್ಲಿ ನೀರೂರುವುದನ್ನು ಅಡಗಿಸಿಕೊಳ್ಳಲು ಪಡುವ ಪಾಡು ನಗೆಯನ್ನೂ ಮರುಕವನ್ನೂ ತರಿಸುತ್ತದೆ. ಒಳ್ಳೆಯವನಾಗುವುದು ಎಂದರೆ ಒಂದು ದಿನ ಬೆಟ್ಟದಿಂದ ಹಾರುವುದಲ್ಲ, ದಿನದಿನವೂ ನೀರೂರಿದ ಬಾಯಿಯನ್ನು ಮುಚ್ಚಿಕೊಂಡು ನಡೆಯುವುದು. ಗಂಡುಮಕ್ಕಳನ್ನು ಸಾಕುವ ತಾಯಂದಿರಿಗೆ ಇದಕ್ಕಿಂತ ಉಪಯೋಗದ ಕಥೆ ಬೇಕೆ?

'ಬೀಸ್ಟಾರ್ಸ್'ನ ಮೊಲದ ಹುಡುಗಿಯ ಬಗ್ಗೆ ಭಾಷಣದಲ್ಲಿ ಕೆಟ್ಟದಾಗಿ ಹೇಳಿದರು. ಹೌದು, ಹಾರುವಿಗೆ ಹಲವು ಹುಡುಗರ ಸಂಗ ಇದೆ. ಶಾಲೆಯ ಹುಡುಗಿಯರು ಅವಳನ್ನು ಕಾಡುತ್ತಾರೆ, ಚಾಡಿ ಹೇಳುತ್ತಾರೆ. ಮಾಳಿಗೆಯ ಮೇಲೆ ಒಬ್ಬಳೇ ಹೂಗಿಡ ಬೆಳೆಸಿಕೊಂಡಿರುತ್ತಾಳೆ. ಅವಳ ದಾರಿ ಸರಿ ಎಂದು ಕಥೆ ಹೇಳುವುದಿಲ್ಲ. ಆ ದಾರಿ ಅವಳಿಗೆ ಯಾಕೆ ಬೇಕಾಯಿತು ಎಂದು ಹೇಳುತ್ತದೆ. ಹುಟ್ಟಿದಂದಿನಿಂದ ಎಲ್ಲರೂ ಅವಳನ್ನು 'ಪಾಪದ್ದು, ಮುಟ್ಟಿದರೆ ಒಡೆಯುತ್ತದೆ' ಎಂದೇ ನೋಡಿದ್ದಾರೆ. ಅವಳಿಗೆ ಕನಿಕರ ಸಾಕಾಗಿದೆ. ಸಮಾನಳೆಂದು ಯಾರಾದರೂ ನೋಡಲಿ ಎಂಬ ಹಸಿವು ಅವಳದು. ತೋಳಕ್ಕೆ ಮಾತ್ರ ಹಸಿವಿದೆ ಎಂದು ತಿಳಿದವರಿಗೆ ಈ ಕಥೆ ಅರ್ಥವಾಗುವುದಿಲ್ಲ.

ಕಾಪಾಡುವ ಹೆಸರಿನಲ್ಲಿ ಹೆಣ್ಣನ್ನು ಮೊಲ ಮಾಡುವುದು ಏನೆಂದು ಮಂಗಳೂರಿನ ನಮಗೆ ಗೊತ್ತಿಲ್ಲವೆ? 2009ರ ಜನವರಿಯಲ್ಲಿ ಇದೇ ಊರಿನ ಒಂದು ಪಬ್ಬಿನಿಂದ ಹುಡುಗಿಯರನ್ನು ಕ್ಯಾಮರಾದ ಎದುರೇ ಹೊಡೆದು ಓಡಿಸಿದ್ದನ್ನು ದೇಶವೇ ನೋಡಿತು. 2012ರಲ್ಲಿ ಊರ ಹೊರಗಿನ ಹೋಮ್‌ಸ್ಟೇಯಲ್ಲಿ ಹುಟ್ಟುಹಬ್ಬಕ್ಕೆ ಕೂಡಿದ್ದ ಹುಡುಗ ಹುಡುಗಿಯರ ಮೇಲೆ ದಾಳಿಯಾಯಿತು. ಹೊಡೆದವರು ಹೇಳಿದ್ದು ಸಂಸ್ಕೃತಿಯ ಮಾತು, ರಕ್ಷಣೆಯ ಮಾತು. ಪಬ್ಬಿನ ಪ್ರಕರಣದ ಆರೋಪಿಗಳು 2018ರಲ್ಲಿ ಸಾಕ್ಷ್ಯ ಸಾಲದೆ ಬಿಡುಗಡೆಯಾದರು. ನಮ್ಮ ಮನೆಗಳಲ್ಲಿ ಆಗ ಆದದ್ದು ಏನು? "ಆ ಹುಡುಗಿಯರಿಗೆ ಅಲ್ಲಿ ಏನು ಕೆಲಸವಿತ್ತು?" ಎಂಬ ಪ್ರಶ್ನೆ ಮೊದಲು ಬಂತು, ಅದೂ ಹೆಂಗಸರ ಬಾಯಿಂದ. ಮೊಲದ ಮೇಲೆ ಚಾಡಿ ಹೇಳಿದ್ದು ತೋಳಗಳಲ್ಲ ಎಂಬುದನ್ನು ಇಟಗಾಕಿ ಸುಮ್ಮನೆ ಬರೆದಿಲ್ಲ. ಇಂಥ ಊರಿನಲ್ಲಿ ಕುಳಿತು, ಆ ಸರಣಿಯಿಂದ ಹೆಣ್ಣುಮಕ್ಕಳು ಕಲಿಯುವುದು ಏನನ್ನು ಎಂದು ಕೇಳುತ್ತೇವೆ!

ಇಲ್ಲಿ ಒಂದು ಗಟ್ಟಿಯಾದ ಆಕ್ಷೇಪ ಇದೆ. ಅದನ್ನು ನುಂಗಿಕೊಂಡು ಮುಂದೆ ಹೋದರೆ ತಪ್ಪಾಗುತ್ತದೆ. "ಗಂಡಸನ್ನು ತೋಳ ಎಂದು ಬರೆದರೆ, ಅವನು ಎರಗುವುದು ಹುಟ್ಟುಗುಣ ಎಂದಾಗುವುದಿಲ್ಲವೆ? ಹುಟ್ಟುಗುಣ ಎಂದಮೇಲೆ ತಪ್ಪು ಯಾರದ್ದು?" ಈ ಆಕ್ಷೇಪ ಸರಿಯಾಗಿದೆ. ಸರಣಿಯ ದೌರ್ಬಲ್ಯವೂ ಇಲ್ಲೇ ಇದೆ. ಹಸಿವನ್ನೂ ಒಲವನ್ನೂ ಒಂದೇ ಪಾತ್ರೆಯಲ್ಲಿ ಕಲಸುವ ಕೆಲವು ದೃಶ್ಯಗಳು ನನಗೆ ಒಪ್ಪಿಗೆಯಾಗಲಿಲ್ಲ. ಗಂಡಸು ತೋಳವಲ್ಲ. ಅವನು ಕೈ ಎತ್ತುವುದು ಹಲ್ಲು ಇರುವುದರಿಂದಲ್ಲ, ಕೇಳುವವರಿಲ್ಲ ಎಂಬ ಧೈರ್ಯದಿಂದ. ಆದರೆ ಇದಕ್ಕೆ ಉತ್ತರ ನಮ್ಮ ಹುಲಿವೇಷದಲ್ಲೇ ಇದೆ. ಹುಲಿ ಕುಣಿಯುವಾಗ ಒಳಗಿರುವವನು ನಮ್ಮ ಬೀದಿಯ ಹುಡುಗ ಎಂದು ಪ್ರತಿಯೊಬ್ಬರಿಗೂ ಗೊತ್ತು. ಹೆದರುತ್ತೇವೆ, ಆದರೂ ಗೊತ್ತು. ಹದ್ದು ಮೀರಿದರೆ ಹೆಸರು ಹಿಡಿದು ಕರೆದು ನಿಲ್ಲಿಸುತ್ತೇವೆ. ಲೆಗೋಶಿಯ ಕಥೆಯಲ್ಲಿಯೂ ಹಾಗೆ: ತೋಳವಾಗಿ ಹುಟ್ಟಿದ್ದಕ್ಕೆ ಅವನು ಕ್ಷಮೆ ಕೇಳುವುದಿಲ್ಲ, ಹಲ್ಲಿಗೆ ಲೆಕ್ಕ ಕೊಡುತ್ತಾನೆ. ವೇಷವನ್ನು ವೇಷ ಎಂದು ಕಲಿಸುವುದು ತಾಯಂದಿರ ಕೆಲಸ. ಸರಣಿಯನ್ನು ಮುಚ್ಚಿಟ್ಟರೆ ಆ ಪಾಠ ಆಗುವುದಿಲ್ಲ. ಮಗಳು ಹೊದಿಕೆಯೊಳಗೆ ಒಬ್ಬಳೇ ನೋಡುತ್ತಾಳೆ, ಅಷ್ಟೆ.

ಅಡುಗೆಮನೆಯ ನಮಗೆಂದೇ ಬರೆದಂತಿರುವ ಒಂದು ಸಣ್ಣ ಪ್ರಸಂಗವನ್ನೂ ಹೇಳಬೇಕು. ಲೆಗೋಶಿಯ ತರಗತಿಯಲ್ಲಿ ಲೆಗೋಮ್ ಎಂಬ ಹೇಂಟೆ ಇದ್ದಾಳೆ. ತಾನಿಟ್ಟ ಮೊಟ್ಟೆಯನ್ನು ಶಾಲೆಯ ಕ್ಯಾಂಟೀನಿಗೆ ಮಾರುತ್ತಾಳೆ. ಪ್ರತಿ ಬುಧವಾರ ಲೆಗೋಶಿ ಮೊಟ್ಟೆಯ ಸ್ಯಾಂಡ್‌ವಿಚ್ ಕೊಂಡು ತಿನ್ನುತ್ತಾನೆ. ಅದು ಅವಳ ಮೊಟ್ಟೆ ಎಂದು ಅವನಿಗೆ ಗೊತ್ತಿಲ್ಲ. ಪಕ್ಕದಲ್ಲಿ ಕುಳಿತು ಅವಳು ಕಿವಿಗೊಡುತ್ತಾಳೆ. ಒಂದು ವಾರ ಅವನು ಇವತ್ತು ರುಚಿ ಸ್ವಲ್ಪ ಕಡಿಮೆ ಎನ್ನುತ್ತಾನೆ. ಆ ವಾರ ಅವಳು ತನ್ನ ಊಟ, ಆರೋಗ್ಯ ಸರಿಯಾಗಿ ನೋಡಿಕೊಂಡಿರಲಿಲ್ಲ. ಅವಳು ಅಳುವುದಿಲ್ಲ, ಮುಂದಿನ ಬುಧವಾರ ತೋರಿಸುತ್ತೇನೆ ಎಂದು ಎದ್ದು ನಿಲ್ಲುತ್ತಾಳೆ. ಇಷ್ಟೇ ಕಥೆ. ಸಾರಿಗೆ ಉಪ್ಪು ಹೆಚ್ಚಾದ ದಿನ ಮಾತ್ರ ಬಾಯಿ ತೆರೆಯುವ ಗಂಡಸರ ಊಟದ ಮಣೆಯ ಪಕ್ಕದಲ್ಲಿ ಬಾಗಿಲಿಗೊರಗಿ ನಿಂತ ಯಾವ ಹೆಂಗಸಿಗೆ ಇದು ಅರ್ಥವಾಗದು? ಇದರ ನೀತಿ ಏನೆಂದು ನನ್ನನ್ನು ಕೇಳಬೇಡಿ.

ಚಿತ್ರದ ಮಾತೂ ಬೇಕು. ಕಥೆ ಒಳ್ಳೆಯದಿದ್ದು ಚಿತ್ರ ಕೆಟ್ಟರೆ, ಒಳ್ಳೆಯ ಅಕ್ಕಿಯ ಅನ್ನ ಸೀದ ಹಾಗೆ. ಪರದೆಯ ಮೇಲೆ ಒಂದು ಸೆಕೆಂಡಿಗೆ 24 ಚೌಕಟ್ಟುಗಳು ಓಡುತ್ತವೆ. ಜಪಾನಿನ ಒಸಾಮು ತೆಜುಕಾ 1963ರಲ್ಲಿ ಟಿವಿಗೆ ವಾರವಾರವೂ ಸರಣಿ ಮಾಡಲು ಹೊರಟಾಗ ಕೈಯಲ್ಲಿ ಹಣವೂ ಇಲ್ಲ, ಸಮಯವೂ ಇಲ್ಲ. ಒಂದೊಂದು ಚಿತ್ರವನ್ನು ಮೂರು ಚೌಕಟ್ಟುಗಳಷ್ಟು ಹೊತ್ತು ನಿಲ್ಲಿಸಿದರೆ ಸೆಕೆಂಡಿಗೆ ಎಂಟು ಚಿತ್ರ ಸಾಕು ಎಂಬ ಲೆಕ್ಕ ಹಾಕಿದರು. ಬಡತನದ ಆ ಉಪಾಯವನ್ನೇ ಅವರ ಮುಂದಿನವರು ಕಲೆ ಮಾಡಿದರು. ಎಲ್ಲವೂ ಸದಾ ಅಲುಗಾಡಬೇಕಾಗಿಲ್ಲ. ಮೈ ನಿಂತಿರಲಿ, ಕಣ್ಣು ಮಾತ್ರ ತಿರುಗಲಿ ಎಂಬುದನ್ನು ಕಂಡುಕೊಂಡರು. ಯಕ್ಷಗಾನದ ವೇಷಧಾರಿ ರಂಗದ ನಡುವೆ ಅಲುಗಾಡದೆ ನಿಂತು, ಹುಬ್ಬು ಮಾತ್ರ ಎತ್ತಿದಾಗ ಸಭೆಯೇ ಉಸಿರು ಹಿಡಿಯುವುದಿಲ್ಲವೆ? ಅದೇ ಗುಟ್ಟು. 'ಬೀಸ್ಟಾರ್ಸ್'ನಲ್ಲಿ ಲೆಗೋಶಿಯ ಮುಖ ಸುಮ್ಮನಿರುತ್ತದೆ, ಬಾಲ ನಿಜ ಹೇಳುತ್ತದೆ. ಹಾರುವಿನ ಕಿವಿಗಳು ಅವಳಿಗಿಂತ ಮೊದಲು ಹೆದರುತ್ತವೆ. ಅಷ್ಟೆತ್ತರದ ತೋಳದೆದುರು ಇಷ್ಟು ಚಿಕ್ಕ ಮೊಲ ನಿಂತಾಗ, ಒಂದು ಮಾತಿಲ್ಲದೆ ನಮಗೆ ಕತ್ತಲ ಬಸ್ ಸ್ಟಾಪಿನ ನೆನಪಾಗುತ್ತದೆ.

ಇನ್ನು ಮೊಬೈಲಿನಲ್ಲಿ ನಮ್ಮ ಮಕ್ಕಳಿಗೆ ಸಿಗುವ ಕನ್ನಡದ ಪುಣ್ಯಕೋಟಿಗಳನ್ನು ನೋಡಿ. ಹಸುವಿಗೂ ಹುಲಿಗೂ ಮೊಲಕ್ಕೂ ಒಂದೇ ಅಚ್ಚಿನ ಗುಂಡು ಕಣ್ಣು. ಹಸು ನಡೆಯುವಾಗ ಕಾಲು ನೆಲಕ್ಕೆ ತಾಗುವುದಿಲ್ಲ. ಕೆಚ್ಚಲು ತುಂಬಿದ ಹಸು ಹೇಗೆ ಹೆಜ್ಜೆ ಇಡುತ್ತದೆ ಎಂದು ಒಮ್ಮೆಯೂ ಹಟ್ಟಿಗೆ ಹೋಗಿ ನೋಡದವರು ಬರೆದ ಚಿತ್ರ. ಹುಲಿಗೆ ಭಾರ ಇಲ್ಲ, ವಾಸನೆ ಇಲ್ಲ, ಭಯ ಇಲ್ಲ. ಮಂಗಳೂರಿನ ಹುಲಿವೇಷದ ಹುಡುಗ ತಾಸೆಯ ಒಂದೇ ಪೆಟ್ಟಿಗೆ ಬೆನ್ನು ತಗ್ಗಿಸಿ ಹೆಗಲು ತಿರುಗಿಸಿದರೆ ಅದರಲ್ಲಿ ಇದಕ್ಕಿಂತ ಹತ್ತುಪಾಲು ಹುಲಿ ಇದೆ. ನಮ್ಮಲ್ಲಿ ಶಕ್ತಿ ಇಲ್ಲವೆಂದಲ್ಲ. ಬೆಂಗಳೂರಿನ ರವಿಶಂಕರ್ ಜನರಿಂದ ಹಣ ಕೂಡಿಸಿ 'ಪುಣ್ಯಕೋಟಿ'ಯನ್ನು ಇಡೀ ಅನಿಮೇಶನ್ ಚಿತ್ರವನ್ನಾಗಿ ಮಾಡಿ 2020ರಲ್ಲಿ ತೆರೆಗೆ ತಂದರು; ಸಂಗೀತ ಇಳಯರಾಜರದು. ಶ್ರಮಕ್ಕೆ ಕೈಮುಗಿಯಬೇಕು. ಆದರೆ ಅದರ ಭಾಷೆ ಸಂಸ್ಕೃತ. ಗೊಲ್ಲರ ಹಟ್ಟಿಯಲ್ಲಿ ಕನ್ನಡ ಮಾತಾಡಿದ ಹಸು, ಸಿನಿಮಾ ಆಗಲು ಸಂಸ್ಕೃತ ಕಲಿಯಬೇಕಾಯಿತು!

ಭಾಷೆಯ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. 1993ರಲ್ಲಿ ದೂರದರ್ಶನದಲ್ಲಿ 'ಜಂಗಲ್ ಬುಕ್' ಬಂದದ್ದು ನಿಮಗೆಲ್ಲ ನೆನಪಿರಬಹುದು. ನಿಪ್ಪಾನ್ ಅನಿಮೇಶನ್ 1989ರಲ್ಲಿ ಮಾಡಿದ 52 ಕಂತಿನ ಸರಣಿ. ಕಾಡು ಭಾರತದ್ದು, ಕಥೆ ಇಂಗ್ಲಿಷಿನ ಕಿಪ್ಲಿಂಗನದ್ದು, ಚಿತ್ರ ಜಪಾನಿನದ್ದು, ಮಾತು ಹಿಂದಿಯದ್ದು. ಗುಲ್ಜಾರರು ಬರೆದ ಅದರ ಹಾಡನ್ನು ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಆಡುವ ನಮ್ಮ ಮಕ್ಕಳು ಅರ್ಥ ತಿಳಿಯದೆ ಗಟ್ಟಿಯಾಗಿ ಹಾಡಿದರು. ಶೇರ್ ಖಾನನಿಗೆ ನಾನಾ ಪಾಟೇಕರರ ದನಿ ಇತ್ತು, ಕನ್ನಡದ ದನಿ ಇರಲಿಲ್ಲ. ಡಬ್ಬಿಂಗ್ ಬಂದರೆ ಇಲ್ಲಿಯ ಕಲಾವಿದರ ಅನ್ನ ಹೋಗುತ್ತದೆ ಎಂದು ನಮ್ಮ ಚಿತ್ರರಂಗ 1960ರ ದಶಕದಿಂದಲೂ ತಡೆದು ನಿಂತಿತ್ತು. ಅವರ ಭಯದಲ್ಲಿ ನ್ಯಾಯವಿತ್ತು. ಆದರೆ ಅದರ ಬೆಲೆ ತೆತ್ತವರಲ್ಲಿ ಮಕ್ಕಳೂ ಇದ್ದರು. 2009ರಲ್ಲಿ ಚಿಂಟು ಟಿವಿ ಬಂದಮೇಲೆ ಕಾರ್ಟೂನುಗಳು ಕನ್ನಡ ಕಲಿತವು. 2015ರಲ್ಲಿ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದು ತಪ್ಪೆಂದು ತೀರ್ಪು ಕೊಟ್ಟಿತು. 2025ರಲ್ಲಿ ಅರ್ಧ ಸಿಂಹ, ಅರ್ಧ ಮನುಷ್ಯನಾದ ದೇವರ ಕಥೆ 'ಮಹಾವತಾರ್ ನರಸಿಂಹ' ಅನಿಮೇಶನ್ ಚಿತ್ರವಾಗಿ ಕನ್ನಡದಲ್ಲಿಯೂ ಬಂದು, ಚಿತ್ರಮಂದಿರಗಳು ತುಂಬಿದವು. ದಾರಿ ತೆರೆದಿದೆ. ಆದರೂ ದೊಡ್ಡ ಮಕ್ಕಳ ಕಷ್ಟದ ಕಥೆಗಳನ್ನು ನಮ್ಮ ಹುಡುಗಿಯರು ಇಂಗ್ಲಿಷಿನ ಅಕ್ಷರ ಓದಿಕೊಂಡೇ ನೋಡುತ್ತಾರೆ. ಆಮೇಲೆ ಭಯ, ಆಸೆ, ಒಪ್ಪಿಗೆ ಎಂಬುದನ್ನೆಲ್ಲ ಅಮ್ಮನ ಹತ್ತಿರ ಮಾತಾಡಲು ಅವರಿಗೆ ಅಮ್ಮನ ಭಾಷೆಯಲ್ಲಿ ಶಬ್ದ ಸಿಗುವುದಿಲ್ಲ. ತೋಳಕ್ಕಿಂತ ನನಗೆ ಭಯ ಈ ಮೌನದ್ದು.

ಹಾಗಾದರೆ ಏನು ಮಾಡಬೇಕು? ಸಣ್ಣವರಿಗೆ ಸಣ್ಣವರದ್ದನ್ನೇ ಕೊಡಿ. ಆದರೆ ಗಲ್ಲ ಹಿಡಿದು ನೀತಿ ಕೇಳಬೇಡಿ. ದೊಡ್ಡ ಮಗಳು ನೋಡುತ್ತಿದ್ದರೆ ಮೊಬೈಲು ಕಸಿಯುವ ಮೊದಲು ಪಕ್ಕದಲ್ಲಿ ಕುಳಿತು ಎರಡು ಕಂತು ನೋಡಿ. ಬೇಸರವಾದರೆ ಬೇಸರ ಎನ್ನಿ, ಅಸಹ್ಯವಾದರೆ ಅಸಹ್ಯ ಎನ್ನಿ, ಆದರೆ ನೋಡಿ ಹೇಳಿ. ಮಗನನ್ನೂ ಕರೆದು ಕೂರಿಸಿ, ಅವನನ್ನು ಬಿಡಲೇಬೇಡಿ. ಪುಣ್ಯಕೋಟಿಯನ್ನು ಹಾಡಿ, ಹಾಡಿದ ಮೇಲೆ, "ಹುಲಿ ಸಾಯದಿದ್ದರೆ ಮರುದಿನ ಏನು ಮಾಡುತ್ತಿತ್ತು?" ಎಂದು ಅವನನ್ನು ಕೇಳಿ. ಅವನ ಉತ್ತರಕ್ಕೆ ಕಾಯಿರಿ, ನೀವೇ ಹೇಳಿಕೊಡಬೇಡಿ. ನಮ್ಮೂರಿನಲ್ಲಿ ಚಿತ್ರ ಬರೆಯುವ, ಕಂಪ್ಯೂಟರು ಕಲಿತ ಹುಡುಗ ಹುಡುಗಿಯರು ಎಷ್ಟೊಂದು ಜನ ಇದ್ದಾರೆ! ಅವರು ಇನ್ನೊಂದು ಗುಂಡುಕಣ್ಣಿನ ಹಸು ಬರೆಯುವುದು ಬೇಡ. ನವರಾತ್ರಿಯ ಬೀದಿಗೆ ಹೋಗಿ ಹುಲಿಯ ಬೆನ್ನನ್ನು ನೋಡಲಿ, ಪಂಜೆಯವರ ಸಿಗಡಿಯನ್ನು ಓದಲಿ, ದುರ್ಗಸಿಂಹನ ಸಿಂಹ ತನ್ನ ಗೆಳೆಯನನ್ನು ಕೊಂದ ಮೇಲೆ ಏನು ಯೋಚಿಸಿರಬಹುದು ಎಂದು ಚಿತ್ರಿಸಲಿ.

ಹುಲಿವೇಷ ಮನೆಯ ಅಂಗಳಕ್ಕೆ ಬಂದಾಗ ತಾಯಿ ಮಗುವನ್ನು ಒಳಗೆ ಬಚ್ಚಿಡುವುದಿಲ್ಲ. ಸೊಂಟದ ಮೇಲೆ ಎತ್ತಿಕೊಂಡು ಹೊರಗೆ ಬರುತ್ತಾಳೆ. ಮಗು ಕಿರುಚುತ್ತದೆ, ಸೆರಗು ಹಿಡಿಯುತ್ತದೆ, ಸೆರಗಿನ ಸಂದಿಯಿಂದ ಮತ್ತೆ ಇಣುಕುತ್ತದೆ. ಕುಣಿತ ಮುಗಿದ ಮೇಲೆ ತಾಯಿ ಹತ್ತು ರೂಪಾಯಿಯ ನೋಟನ್ನು ಮಗುವಿನ ಕೈಯಲ್ಲೇ ಕೊಟ್ಟು, "ಹುಲಿಗೆ ಕೊಡು" ಎನ್ನುತ್ತಾಳೆ. ಹುಲಿ ಅದನ್ನು ತೆಗೆದುಕೊಂಡು ಮುಂದಿನ ಮನೆಗೆ ಹೋಗುತ್ತದೆ.